ಅಂಟನ್ನದ ಬುಟ್ಟಿಯಿಂದ ಶುರು: ಉತ್ತರ ಥಾಯ್ಲೆಂಡಿನ ಮನೆಯಂಗಡಿಯಲ್ಲಿ ಉಣ್ಣುವ ಬಗೆ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್, ಲಾಂಫೂನ್, ಲಾಂಪಾಂಗ್, ನಾನ್ ಮುಂತಾದ ಊರುಗಳಲ್ಲಿ ಮನೆಯ ಮುಂಭಾಗವನ್ನೇ ಊಟದಂಗಡಿಯಾಗಿ ಮಾಡಿಕೊಂಡ ಕುಟುಂಬಗಳು ಬಹಳಷ್ಟಿವೆ. ತಾಯಿ ಒಲೆಯ ಮುಂದೆ ನಿಂತಿದ್ದರೆ ಮಗಳು ಗಿರಾಕಿಗಳನ್ನು ನೋಡಿಕೊಳ್ಳುತ್ತಾಳೆ, ಹೊರಗೆ ಯಾರೋ ಒಬ್ಬರು ಇದ್ದಿಲ ಮೇಲೆ ಸಾಸೇಜು ಸುಡುತ್ತಿರುತ್ತಾರೆ. ಇಂಥ ಕಡೆ ಒಬ್ಬೊಬ್ಬರು ಒಂದೊಂದು ತಟ್ಟೆ ಹೇಳಿ ತಮ್ಮ ಪಾಡಿಗೆ ತಾವು ತಿಂದು ಏಳುವ ಅಭ್ಯಾಸವಿದ್ದರೆ ಅದನ್ನು ಬಾಗಿಲಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಮೇಲೋಗರಗಳಿಗೆಲ್ಲ ಥಾಯ್ ಭಾಷೆಯಲ್ಲಿರುವ ಒಟ್ಟು ಹೆಸರೇ ‘ಕಪ್ ಖಾವ್’, ಅಂದರೆ ‘ಅನ್ನದ ಜೊತೆಗೆ’. ಮೊದಲು ಅನ್ನ, ಅದಕ್ಕೆ ಒಗ್ಗುವಂಥದ್ದು ಆಮೇಲೆ, ಎಂಬ ಲೆಕ್ಕದಲ್ಲಿ ಹೋದರೆ ಉಳಿದದ್ದೆಲ್ಲ ಸುಲಭ.

ಹೋಗುವ ಹೊತ್ತು ಮುಖ್ಯ. ಇಲ್ಲಿಯ ಸಾರು, ಚಟ್ನಿಗಳೆಲ್ಲ ಬೆಳಿಗ್ಗೆಯೇ ತಯಾರಾಗಿ ಪಾತ್ರೆಗಳಲ್ಲಿ ಕುಳಿತಿರುತ್ತವೆ; ಮಾಡಿದ್ದು ಮುಗಿದರೆ ಅಂಗಡಿ ಮುಚ್ಚಿದಂತೆಯೇ. ಹನ್ನೊಂದು ಗಂಟೆಯ ಸುಮಾರಿಗೆ ಹೋದವರಿಗೆ ಎಲ್ಲವೂ ಸಿಗುತ್ತದೆ, ಎರಡು ಗಂಟೆಗೆ ಹೋದವರಿಗೆ ಉಳಿದದ್ದು ಸಿಗುತ್ತದೆ, ಸಂಜೆ ಹೋದವರಿಗೆ ಅನೇಕ ಕಡೆ ಮಗುಚಿಟ್ಟ ಕುರ್ಚಿಗಳಷ್ಟೇ ಕಾಣುತ್ತವೆ. ಏಪ್ರಿಲ್ 13ರಿಂದ ಶುರುವಾಗುವ ಸೊಂಗ್ಕ್ರಾನ್ ಎಂಬ ಹೊಸ ವರ್ಷದ ಹಬ್ಬದ ದಿನಗಳಲ್ಲಂತೂ ಅಡುಗೆಯವರೇ ತಮ್ಮ ಹಿರಿಯರ ಮನೆಗೆ ಹೋಗಿರುವುದರಿಂದ ಇಂಥ ಅಂಗಡಿಗಳನ್ನು ನಂಬಿಕೊಂಡು ಹೊರಡಬಾರದು. ಫಲಕದ ಮೇಲೆ ‘ಆಹಾನ್ ಮುವಾಂಗ್’ ಎಂದಿದ್ದರೆ ಆ ಸೀಮೆಯ ಊಟ ಸಿಗುತ್ತದೆ ಎಂದರ್ಥ. ಓದಲು ಬಾರದವರು ಯಾರನ್ನಾದರೂ ಕೇಳಿದರೆ ಕೈ ತೋರಿಸುತ್ತಾರೆ.

ಒಳಗೆ ಹೋದಾಗ ನೆಲ ಎತ್ತರಿಸಿದ ಮರದ ಜಗಲಿಯಿದ್ದು ಅದರ ಕೆಳಗೆ ಚಪ್ಪಲಿಗಳ ಸಾಲು ಕಂಡರೆ ನಿಮ್ಮದನ್ನೂ ಅಲ್ಲಿ ಬಿಡಿ. ಸಿಮೆಂಟಿನ ನೆಲ, ಸ್ಟೀಲಿನ ಮೇಜು ಇದ್ದರೆ ಬೇಕಾಗಿಲ್ಲ. ಮಾತನಾಡಿಸುವಾಗ ನಿಮಗಿಂತ ಸ್ವಲ್ಪ ದೊಡ್ಡವರಂತೆ ಕಾಣುವವರಿಗೆ ‘ಫೀ’ ಎಂದರೆ ಸಾಕು, ಅದು ಅಕ್ಕನಿಗೂ ಸಲ್ಲುತ್ತದೆ, ಅಣ್ಣನಿಗೂ ಸಲ್ಲುತ್ತದೆ. ತಾಯಿಯ ವಯಸ್ಸಿನವರನ್ನು ‘ಪಾ’ ಎಂದೂ ಆ ವಯಸ್ಸಿನ ಗಂಡಸರನ್ನು ‘ಲುಂಗ್’ ಎಂದೂ ಕರೆಯುವುದು ರೂಢಿ. ಮಾತಿನ ಕೊನೆಗೆ ಗಂಡಸರು ‘ಖ್ರಪ್’ ಎಂದೂ ಹೆಂಗಸರು ‘ಖಾ’ ಎಂದೂ ಸೇರಿಸುತ್ತಾರೆ. ಉತ್ತರದ ಹೆಂಗಸರ ಬಾಯಲ್ಲಿ ಈ ‘ಖಾ’ದ ಬದಲು ‘ಚಾವ್’ ಎಂಬ ಇಂಪಾದ ಪದ ಕೇಳಿಸುತ್ತದೆ, ಆದರೆ ಗಂಡಸರು ಅದನ್ನು ಅನುಕರಿಸಿದರೆ ಅಡುಗೆಮನೆಯಲ್ಲಿ ನಗು ಏಳುವುದು ಖಂಡಿತ. ಕುಡಿಯುವ ನೀರು ಹಲವು ಕಡೆ ಮೇಜಿನ ಮೇಲೆಯೇ ಇರುತ್ತದೆ. ದಾರಿಹೋಕರಿಗೆಂದು ಮನೆಯ ಮುಂದೆ ನೀರಿನ ಮಡಕೆ ಇಡುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು, ಅದರ ನೆರಳು ಈ ಹೂಜಿಯಲ್ಲಿ ಇನ್ನೂ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ.

ಈಗ ಅನ್ನದ ವಿಷಯ. ಬ್ಯಾಂಕಾಕಿನ ಕಡೆಯ ಉದುರು ಅನ್ನ ಇಲ್ಲಿಯ ಮುಖ್ಯ ಅನ್ನವಲ್ಲ. ಇಲ್ಲಿ ಉಣ್ಣುವುದು ‘ಖಾವ್ ನಿಯಾವ್’ ಎಂಬ ಅಂಟನ್ನ, ಅದನ್ನೇ ಊರಿನವರು ತಮ್ಮ ಮಾತಿನಲ್ಲಿ ‘ಖಾವ್ ನುಂಗ್’, ಅಂದರೆ ಹಬೆಯಲ್ಲಿ ಬೆಂದ ಅನ್ನ ಎನ್ನುತ್ತಾರೆ. ರಾತ್ರಿಯೆಲ್ಲ ನೆನೆಸಿದ ಅಕ್ಕಿಯನ್ನು ನೀರಿಗೆ ತಾಗಿಸದೆ ಹಬೆಯಲ್ಲಿಯೇ ಬೇಯಿಸಿ, ಮರದ ಹರಿವಾಣಕ್ಕೆ ಸುರಿದು, ಮೇಲೆ ಕೆಳಗೆ ಮಾಡಿ ಬಿಸಿ ಹಬೆ ಹೊರಹೋಗುವಂತೆ ಮಾಡಿದ ಮೇಲೆ ಅದು ‘ಕೊಂಗ್ ಖಾವ್’ ಎಂಬ ಮುಚ್ಚಳವಿರುವ ಹೆಣಿಗೆಯ ಬುಟ್ಟಿಗೆ ಹೋಗುತ್ತದೆ. ಈಚೆಗೆ ಬುಟ್ಟಿಯ ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುವುದೂ ಉಂಟು, ಅದನ್ನು ಕಂಡು ಮುಖ ಸಿಂಡರಿಸಬೇಕಾಗಿಲ್ಲ. ಒಬ್ಬರಿಗೆ ಒಂದು ಬುಟ್ಟಿ ಎಂದು ಹೇಳಿ, ಸಾಲದಿದ್ದರೆ ಮತ್ತೆ ತರಿಸಿಕೊಳ್ಳಬಹುದು.

ತಿನ್ನುವುದು ಬಲಗೈಯಲ್ಲಿ. ಬುಟ್ಟಿಯಿಂದ ನಿಂಬೆಹಣ್ಣಿನ ಗಾತ್ರದಷ್ಟು ಅನ್ನ ತೆಗೆದುಕೊಂಡು, ಅದರಿಂದ ಒಂದೊಂದು ತುತ್ತಿಗೆ ಬೇಕಾದಷ್ಟನ್ನೇ ಚಿವುಟಿ, ಬೆರಳ ತುದಿಯಲ್ಲಿ ಒತ್ತಿ ಚಪ್ಪಟೆ ಮಾಡಿ, ಹೆಬ್ಬೆರಳಿನಿಂದ ಚಟ್ನಿಯನ್ನು ಅದರ ಮೇಲೆ ಎಳೆದುಕೊಳ್ಳಬೇಕು. ಇದು ಮುದ್ದೆಯಂತೆ ನುಂಗುವ ಪದಾರ್ಥವಲ್ಲ, ಅಗಿದು ತಿನ್ನಬೇಕು. ಅಗಿದಷ್ಟೂ ಸಿಹಿ ಬಿಡುತ್ತದೆ. ಕೈಗೆ ಅಂಟಿಕೊಳ್ಳುತ್ತದೆಂದು ನೀರಿನಲ್ಲಿ ಬೆರಳು ಅದ್ದಿದರೆ ಇನ್ನಷ್ಟು ರಾಡಿಯಾಗುತ್ತದೆ. ಚೆನ್ನಾಗಿ ಬೆಂದ ಅಂಟನ್ನ ಅಗುಳಿಗೆ ಅಗುಳು ಹಿಡಿದುಕೊಳ್ಳುತ್ತದೆಯೇ ಹೊರತು ಬೆರಳಿಗೆ ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತೆಗೆದ ಪ್ರತಿ ಸಲವೂ ಮುಚ್ಚಳ ಮುಚ್ಚಿ. ನಾನು ಮೊದಲ ಸಲ ಮಾತಿನ ಭರದಲ್ಲಿ ಬುಟ್ಟಿಯನ್ನು ತೆರೆದೇ ಇಟ್ಟುಕೊಂಡಿದ್ದೆ. ಪಕ್ಕದ ಮೇಜಿನಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕುಳಿತಿದ್ದ ಆ ಮನೆಯ ಅಜ್ಜಿ ಎರಡು ಸಲ ನನ್ನ ಕಡೆ ನೋಡಿ, ಮೂರನೆಯ ಸಲ ಎದ್ದುಬಂದು, ಏನೂ ಹೇಳದೆ ಮುಚ್ಚಳವನ್ನು ಒತ್ತಿ ಕೂರಿಸಿ, ಮತ್ತೆ ಹೋಗಿ ಬೆಳ್ಳುಳ್ಳಿಯ ಮುಂದೆ ಕುಳಿತರು. ಗಾಳಿಗೆ ಬಿಟ್ಟ ಅಂಟನ್ನ ಕಾಲು ಗಂಟೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ ಎಂಬುದು ಅಷ್ಟು ಹೊತ್ತಿಗೆ ನನ್ನ ಹಲ್ಲಿಗೂ ತಿಳಿದಿತ್ತು.

ಅನ್ನದ ನಂತರ ಹೇಳಬೇಕಾದದ್ದು ಚಟ್ನಿ. ಹಸಿರು ಮೆಣಸಿನಕಾಯಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿಗಳನ್ನು ಕೆಂಡದಲ್ಲಿ ಸುಟ್ಟು ಕುಟ್ಟಿದ್ದು ‘ನಾಮ್ ಫ್ರಿಕ್ ನುಮ್’. ಟೊಮೆಟೊ ಮತ್ತು ಹಂದಿಮಾಂಸದ ಕೈಮಾವನ್ನು ಒಣಮೆಣಸಿನೊಂದಿಗೆ ಬಾಡಿಸಿದ್ದು ‘ನಾಮ್ ಫ್ರಿಕ್ ಓಂಗ್’. ಎರಡರ ಜೊತೆಗೂ ಬೇಯಿಸಿದ ತರಕಾರಿ, ಹಸಿ ಸೌತೆಕಾಯಿ, ಮತ್ತು ‘ಖೇಪ್ ಮೂ’ ಎಂಬ ಹಂದಿಯ ಚರ್ಮದ ಗರಿಗರಿ ಕರಿದ ತುಂಡುಗಳು ಬರುತ್ತವೆ. ಖಾರ ತಡೆಯದವರು ಎರಡನೆಯದನ್ನು ಆರಿಸಿಕೊಳ್ಳಲಿ. ಚಟ್ನಿಯಾದ ಮೇಲೆ ಒಂದು ಸಾರು, ಒಂದು ಒಣ ಪದಾರ್ಥ: ಇಬ್ಬರಿಗೆ ಈ ಮೂರು ಸಾಕು, ನಾಲ್ವರಾದರೆ ಐದು. ಎಲ್ಲವನ್ನೂ ಮೇಜಿನ ನಡುವೆ ಇಟ್ಟುಕೊಂಡು ‘ಚೋನ್ ಕ್ಲಾಂಗ್’ ಎಂಬ ಬಡಿಸುವ ಚಮಚದಿಂದ ಒಂದು ಸಲಕ್ಕೆ ಒಂದೆರಡು ಚಮಚದಷ್ಟನ್ನೇ ತಮ್ಮ ತಟ್ಟೆಗೆ ಹಾಕಿಕೊಳ್ಳುವುದು ಕ್ರಮ. ತಟ್ಟೆಯನ್ನು ಮೊದಲೇ ತುಂಬಿಕೊಂಡು ಕೂರುವುದು ಒರಟಾಗಿ ಕಾಣುತ್ತದೆ.

ಸಾರುಗಳಲ್ಲಿ ತೆಂಗಿನ ಹಾಲು ಹುಡುಕಬೇಡಿ. ಇದು ಸಮುದ್ರದಿಂದ ದೂರದ ಗುಡ್ಡಗಾಡು, ಇಲ್ಲಿಯ ಹೆಚ್ಚಿನ ಸಾರುಗಳು ತೆಳ್ಳಗೆ, ಸೊಪ್ಪು ಮತ್ತು ಗಿಡಮೂಲಿಕೆಯ ರುಚಿಯವು. ಹತ್ತಾರು ಬಗೆಯ ಸೊಪ್ಪು ಸೇರಿದ ‘ಕೇಂಗ್ ಖೇ’ ಅದಕ್ಕೆ ಒಳ್ಳೆಯ ಉದಾಹರಣೆ. ಎಳೆ ಹಲಸಿನಕಾಯಿಯ ‘ಕೇಂಗ್ ಖನುನ್’ ಕಂಡರೆ ಬಿಡಬಾರದು. ‘ಖನುನ್’ ಎಂಬ ಹೆಸರಿನ ‘ನುನ್’ ಎಂಬ ಪದಕ್ಕೆ ಆಸರೆ ಎಂಬ ಅರ್ಥವಿರುವುದರಿಂದ, ಹೊಸ ವರ್ಷದ ಏಪ್ರಿಲ್ 16ರಂದು ಇದನ್ನು ಉಂಡರೆ ವರ್ಷವಿಡೀ ಆಸರೆ ಸಿಗುತ್ತದೆ ಎಂದು ಮನೆಮನೆಯಲ್ಲೂ ಮಾಡುತ್ತಾರೆ. ಗಟ್ಟಿ ಮಸಾಲೆ ಬೇಕೆನ್ನುವವರಿಗೆ ‘ಕೇಂಗ್ ಹಾಂಗ್ ಲೇ’ ಇದೆ: ಕೊಬ್ಬಿನ ಹಂದಿಮಾಂಸ, ಶುಂಠಿಯ ಎಳೆಗಳು, ಹುಣಸೆಹುಳಿ, ಉಪ್ಪಿನಕಾಯಿ ಹಾಕಿದ ಬೆಳ್ಳುಳ್ಳಿ ಎಲ್ಲ ಸೇರಿ ನಿಧಾನವಾಗಿ ಬೆಂದ ಅಡುಗೆ. 1296ರಲ್ಲಿ ಮಂಗ್ರಾಯ್ ಅರಸ ಕಟ್ಟಿದ ಚಿಯಾಂಗ್ ಮಾಯ್ 1558ರಿಂದ ಇನ್ನೂರಕ್ಕೂ ಹೆಚ್ಚು ವರ್ಷ ಬರ್ಮಾದ ಅರಸರ ಕೈಯಲ್ಲಿತ್ತು, ಈ ಸಾರಿನ ಮೂಲವೂ ಬರ್ಮಾದ್ದೇ. ಅದಕ್ಕೆ ಹಾಕುವ ಪುಡಿಯನ್ನು ಅಲ್ಲಿಯ ಸಂತೆಯಲ್ಲಿ ಇಂದಿಗೂ ‘ಮಸಲಾ’ ಎಂದೇ ಕೇಳಿ ಕೊಳ್ಳುತ್ತಾರೆ. ಇವು ಬಿಸಿಬಿಸಿಯಾಗಿ ಬರಲೇಬೇಕೆಂದಿಲ್ಲ, ಉಗುರುಬೆಚ್ಚಗಿದ್ದರೆ ಅದು ಅಸಡ್ಡೆಯಲ್ಲ. ಒಣ ಪದಾರ್ಥಕ್ಕೆ ‘ಸಾಯ್ ಉವಾ’ ಸಾಕು. ಮಜ್ಜಿಗೆಹುಲ್ಲು, ಗಲಾಂಗಲ್ ಬೇರು, ನಿಂಬೆಜಾತಿಯ ಎಲೆ, ಮೆಣಸಿನಕಾಯಿಗಳನ್ನು ಹಂದಿಮಾಂಸದೊಂದಿಗೆ ತುಂಬಿ ಸುತ್ತಿ ಸುಟ್ಟ ಈ ಸಾಸೇಜನ್ನು ಸುಡುವಾಗ ಹೊರಡುವ ಹೊಗೆಯೇ ಅಂಗಡಿಯ ವಿಳಾಸ ಹೇಳುತ್ತದೆ.

ಕೊಚ್ಚಿದ ಮಾಂಸಕ್ಕೆ ಮಸಾಲೆ ಕಲಸಿ ಮಾಡುವ ‘ಲಾಪ್’ ಹೇಳುವಾಗ ಮಾತ್ರ ಎಚ್ಚರವಿರಲಿ. ಉತ್ತರದ ಲಾಪ್‌ನಲ್ಲಿ ನಿಂಬೆಯ ಹುಳಿ ಇರುವುದಿಲ್ಲ, ಅದರ ಬದಲು ಒಣ ಮಸಾಲೆಗಳಿರುತ್ತವೆ. ಅವುಗಳಲ್ಲಿ ‘ಮಖ್ವೆನ್’ ಎಂಬುದು ನಾಲಿಗೆಯನ್ನು ಜುಮ್ಮೆನ್ನಿಸುತ್ತದೆ. ಕರಾವಳಿಯ ಅಡುಗೆಯ ತೆಪ್ಪಲನ್ನು ಬಲ್ಲವರಿಗೆ ಈ ಜುಮ್ಮು ಹೊಸದೇನಲ್ಲ, ಎರಡೂ ಒಂದೇ ಕುಲದವು. ಆದರೆ ‘ಲಾಪ್ ದಿಪ್’ ಎಂದರೆ ಹಸಿ ಮಾಂಸ, ಹಸಿ ರಕ್ತದೊಂದಿಗೆ ಕಲಸಿದ್ದು. ಹಸಿ ಹಂದಿಮಾಂಸದಿಂದ ಸ್ಟ್ರೆಪ್ಟೊಕಾಕಸ್ ಸೂಯಿಸ್ ಎಂಬ ಸೋಂಕು ತಗುಲಿ, ಮಿದುಳಿನ ಪೊರೆ ಊದಿಕೊಂಡು, ಬದುಕಿದವರು ಕಿವಿ ಕಳೆದುಕೊಂಡ ಪ್ರಕರಣಗಳು ಈ ಪ್ರದೇಶದಲ್ಲಿ ದಾಖಲಾಗಿವೆ. ‘ಲಾಪ್ ಖುವಾ’ ಎಂದು ಕೇಳಿದರೆ ಬಾಣಲೆಯಲ್ಲಿ ಹುರಿದದ್ದು ಬರುತ್ತದೆ. ರುಚಿಯಲ್ಲಿ ನಷ್ಟವೇನಿಲ್ಲ, ಧೈರ್ಯ ತೋರಿಸಲು ಇದು ಜಾಗವೂ ಅಲ್ಲ.

‘ಖಾವ್ ಸೊಯ್’ ಎಂಬ ನೂಡಲ್ಸಿನ ಅಡುಗೆ ಈ ಊಟದ ಪಂಕ್ತಿಗೆ ಸೇರಿದ್ದಲ್ಲ; ಅದು ಒಬ್ಬರಿಗೆ ಒಂದು ಬಟ್ಟಲು, ಮಧ್ಯಾಹ್ನದ ಮಟ್ಟಿಗೆ ಅದೇ ಊಟ. ಚೀನಾದ ಯುನ್ನಾನ್ ಕಡೆಯಿಂದ ಬಂದ ಮುಸ್ಲಿಂ ವ್ಯಾಪಾರಿಗಳೊಂದಿಗೆ ನಂಟಿರುವ ಈ ಅಡುಗೆಯನ್ನು ಚಿಯಾಂಗ್ ಮಾಯ್‌ನ ಬಾನ್ ಹೋ ಮಸೀದಿಯ ಬೀದಿಯಲ್ಲಿ ಆ ಸಮುದಾಯದವರ ಕೈಯಿಂದಲೇ ಉಣ್ಣಬಹುದು. ತೆಂಗಿನ ಹಾಲಿನ ಸಾರಿನಲ್ಲಿ ಮೊಟ್ಟೆಯ ನೂಡಲ್ಸ್, ಕೋಳಿಯ ಕಾಲು ಅಥವಾ ದನದ ಮಾಂಸ, ಮೇಲೆ ಕರಿದ ನೂಡಲ್ಸ್ ಇರುತ್ತದೆ. ಜೊತೆಗೆ ಬರುವ ಪುಟ್ಟ ತಟ್ಟೆಯಲ್ಲಿ ಹುಳಿ ಬರಿಸಿದ ಸಾಸಿವೆ ಸೊಪ್ಪು, ಹಸಿ ಸಣ್ಣ ಈರುಳ್ಳಿ, ನಿಂಬೆ ಹೋಳು ಇರುತ್ತವೆ. ಮೊದಲು ಸಾರನ್ನು ಒಂದು ಚಮಚ ಹಾಗೆಯೇ ಕುಡಿದು ನೋಡಿ, ಆಮೇಲೆ ಆ ತಟ್ಟೆಯದ್ದನ್ನೆಲ್ಲ ಸುರಿದು ನಿಂಬೆ ಹಿಂಡಿ ಕಲಸಿ. ಎಣ್ಣೆಯಲ್ಲಿ ಹುರಿದ ಮೆಣಸಿನ ಪುಡಿಯನ್ನು ಕಾಲು ಚಮಚದಿಂದ ಶುರು ಮಾಡುವುದು ಕ್ಷೇಮ. ಕಡ್ಡಿ ಹಿಡಿಯುವ ಕೆಲಸ ಇಂಥ ನೂಡಲ್ಸ್‌ಗೆ ಮಾತ್ರ. ಉದುರು ಅನ್ನಕ್ಕೆ ಬಲಗೈಯಲ್ಲಿ ಚಮಚ, ಅದಕ್ಕೆ ತಳ್ಳಿಕೊಡಲು ಎಡಗೈಯಲ್ಲಿ ಫೋರ್ಕ್.

ಸಸ್ಯಾಹಾರಿಗಳಿಗೆ ನೇರವಾಗಿ ಹೇಳುವುದಾದರೆ, ಇಂಥ ಅಂಗಡಿ ಅವರಿಗೆ ಕಷ್ಟದ ಜಾಗ. ಬೆಳಿಗ್ಗೆಯೇ ಕುದಿದ ಸಾರಿನಿಂದ ಮಾಂಸದ ತುಂಡುಗಳನ್ನು ತೆಗೆಯಬಹುದು, ಅದರೊಳಗೆ ಕರಗಿರುವ ಸೀಗಡಿಯ ಹುದುಗನ್ನು ತೆಗೆಯಲಾಗದು. ಆ ಹುದುಗಿನ ಹೆಸರು ‘ಕಪಿ’. ಕನ್ನಡದ ಕಿವಿಗೆ ನಗು ಬಂದರೂ ನೆನಪಿಡಲು ಅನುಕೂಲವಾಗಿದೆ. ಮೀನಿನ ರಸ ‘ನಾಮ್ ಪ್ಲಾ’. ಇವೆರಡೂ ಬೇಡವೆನ್ನಲು ‘ಮಾಯ್ ಸಾಯ್ ಕಪಿ, ಮಾಯ್ ಸಾಯ್ ನಾಮ್ ಪ್ಲಾ’ ಎನ್ನಬೇಕು, ಅದೂ ಅವರು ಬಾಣಲೆ ಇಡುವ ಮೊದಲೇ. ನನ್ನ ಜೊತೆ ಬಂದಿದ್ದ ಸ್ನೇಹಿತರೊಬ್ಬರು ಮಾಂಸ ಬೇಡವೆಂದು ಹೇಳಲು ಪದಕೋಶ ನೋಡಿ ‘ಮಾಯ್ ಸಾಯ್ ನುವಾ’ ಎಂದರು. ಐದು ನಿಮಿಷದಲ್ಲಿ ಬಂದ ಸೊಪ್ಪಿನ ಪಲ್ಯದ ತುಂಬ ಹಂದಿಮಾಂಸದ ಕೈಮಾ ಇತ್ತು. ಅಡುಗೆಯವರ ತಪ್ಪೇನೂ ಇರಲಿಲ್ಲ, ಏಕೆಂದರೆ ಊಟದಂಗಡಿಯಲ್ಲಿ ‘ನುವಾ’ ಎಂದರೆ ದನದ ಮಾಂಸ, ಅದನ್ನು ಅವರು ಹಾಕಿರಲಿಲ್ಲ. ಸಾಲದ್ದಕ್ಕೆ ‘ಉತ್ತರ’ ಎಂಬ ಅರ್ಥದ ಪದವೂ ‘ನುವಾ’ವೇ, ದನಿಯ ಏರಿಳಿತದಲ್ಲಷ್ಟೇ ವ್ಯತ್ಯಾಸ. ಸರಿಯಾದ ಪದ ‘ಚೇ’: ಅದರಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ‘ಮಂಗ್ಸವಿರತ್’ ಎಂದರೆ ಮೊಟ್ಟೆ, ಹಾಲು ನಡೆಯುತ್ತದೆ. ಹಳದಿ ಬಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 17 ಎಂಬ ಅಂಕಿಯಂತೆ ಕಾಣುವ ಅಕ್ಷರವಿದ್ದರೆ ಅದು ಚೇ ಅಂಗಡಿ. ಪೂರ್ಣ ಸಸ್ಯಾಹಾರಿಗಳು ಹೊಟ್ಟೆ ತುಂಬ ಅಲ್ಲಿ ಉಂಡು, ಮನೆಯಂಗಡಿಯಲ್ಲಿ ಅಂಟನ್ನ, ಬೇಯಿಸಿದ ತರಕಾರಿಯೊಂದಿಗೆ ಜೊತೆಗಾರರಿಗೆ ಕಂಪನಿ ಕೊಡುವುದು ನೆಮ್ಮದಿಯ ದಾರಿ.

ದುಡ್ಡಿನ ವಿಷಯ ಚಿಕ್ಕದು. ಖಾವ್ ಸೊಯ್ ಬಟ್ಟಲಿಗೆ ಸಾಮಾನ್ಯವಾಗಿ 50ರಿಂದ 80 ಬಾತ್, ಅಂಟನ್ನಕ್ಕೆ 10ರ ಆಸುಪಾಸು. ಗೋಡೆಯ ಮೇಲಿನ ಕ್ಯೂಆರ್ ಕೋಡು ಊರಿನವರು ಮೊಬೈಲಿನಲ್ಲಿ ಹಣ ಕಳಿಸುವ ಪ್ರಾಂಪ್ಟ್‌ಪೇಗೆ ಇರುವಂಥದ್ದು, ಕಾರ್ಡು ನಡೆಯುವುದು ಅಪರೂಪ, ಆದ್ದರಿಂದ 20 ಮತ್ತು 100 ಬಾತ್‌ಗಳ ನೋಟುಗಳು ಜೇಬಿನಲ್ಲಿರಲಿ. ‘ಕೆಪ್ ತಾಂಗ್’ ಎಂದರೆ ಲೆಕ್ಕ ಮಾಡಲು ಬರುತ್ತಾರೆ. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ಬಿಟ್ಟುಬಂದರೆ ಸಾಕು. ಊಟ ಹಿಡಿಸಿದ್ದರೆ ‘ಅರೋಯ್’ ಎನ್ನುವ ಬದಲು ಆ ಸೀಮೆಯ ಮಾತಿನಲ್ಲಿ ‘ಲಾಮ್ ಖನಾತ್’ ಎಂದು ನೋಡಿ, ಒಳಗಿದ್ದವರೂ ಇಣುಕಿ ನೋಡುತ್ತಾರೆ.

ಉಳಿದದ್ದನ್ನು ಎಸೆಯಬೇಕಾಗಿಲ್ಲ, ‘ಸಾಯ್ ಥುಂಗ್’ ಎಂದರೆ ಚೀಲಕ್ಕೆ ಹಾಕಿಕೊಡುತ್ತಾರೆ. ಸಾರನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಗಾಳಿ ಹಿಡಿದು ಬಲೂನಿನಂತೆ ಉಬ್ಬಿಸಿ, ಕಣ್ಣು ಮಿಟುಕಿಸುವುದರೊಳಗೆ ರಬ್ಬರ್ ಬ್ಯಾಂಡು ಸುತ್ತಿ ಬಿಗಿಯುವ ಅವರ ಕೈಚಳಕ ನೋಡುವಂಥದ್ದು. ಕೋಣೆಗೆ ಬಂದು ಅದನ್ನು ಹಲ್ಲಿನಿಂದ ಕಚ್ಚಿ ಎಳೆಯಲು ಹೋಗಬೇಡಿ. ಸುತ್ತಿನ ಹೊರಗೆ ಚಾಚಿಕೊಂಡಿರುವ ರಬ್ಬರಿನ ಕುಣಿಕೆಯನ್ನು ಹುಡುಕಿ, ಅದನ್ನು ಎಳೆದು ಹಿಡಿದು, ಸುತ್ತಿದ ದಿಕ್ಕಿಗೆ ಎದುರಾಗಿ ನಿಧಾನವಾಗಿ ಬಿಚ್ಚಿ. ಚೀಲದ ಕೆಳಗೆ ಒಂದು ಬಟ್ಟಲು ಇಟ್ಟುಕೊಂಡಿರಿ.