ಟಗರನ್ನು ತೂಗಿ ಮಾರಲು ಶುರು ಮಾಡಿದ್ದು

ಗದಗ ಜಿಲ್ಲೆಯ ಮುಂಡರಗಿ ಕಡೆ ಹತ್ತಿಪ್ಪತ್ತು ಕುರಿ ಸಾಕಿದವರು ಟಗರು ಮಾರುವುದು ಹೆಚ್ಚಾಗಿ ಕಣ್ಣಂದಾಜಿನ ಮೇಲೆ. ದಲ್ಲಾಳಿ ಹೊಲಕ್ಕೇ ಬರುತ್ತಾನೆ, ಬೆನ್ನು ಒತ್ತಿ ನೋಡಿ ಒಂದು ರೇಟು ಹೇಳುತ್ತಾನೆ. ದಿನಾ ಕೊಳ್ಳುವವನ ಕೈಗೆ ತೂಕ ಗೊತ್ತಾಗುತ್ತದೆ. ವರ್ಷಕ್ಕೆ ನಾಲ್ಕೈದು ಮಾರುವವರಿಗೆ ಹೇಗೆ ಗೊತ್ತಾಗಬೇಕು? ಕುರಿ ಸಾಕುವ ಹೆಣ್ಣುಮಕ್ಕಳ ಗುಂಪಿನ ಜೊತೆ ನಾನು ಮೊದಲು ಹಿಡಿದ ಕೆಲಸ ಇದೇ.

ನೇತು ಹಾಕುವ ಕಾಟಾ ತಂದು ಬೇವಿನ ಮರಕ್ಕೆ ಕಟ್ಟಿದೆವು. ಲೆಕ್ಕ ಸುಲಭ. ಜೀವಂತ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾಂಸ ಸಿಗುತ್ತದೆ. 30 ಕೆಜಿ ಟಗರಿಗೆ ಸುಮಾರು 14 ಕೆಜಿ. ಅದನ್ನು ಪೇಟೆಯ ಮಟನ್ ರೇಟಿಗೆ ಗುಣಿಸಬೇಕು. ತಲೆ, ಕಾಲು, ಬೋಟಿ, ಚರ್ಮದ ದುಡ್ಡು ಬೇರೆ. ಆಮೇಲೆ ಸಾಗಾಟ, ಅಂಗಡಿ ಖರ್ಚು, ಕೊಳ್ಳುವವನ ಲಾಭ ಕಳೆಯಬೇಕು. ಅವನೂ ಬದುಕಬೇಕಲ್ವಾ. “ಯಕ್ಕಾ, ನನ್ನ ಟಗರು ಇಷ್ಟು ತೂಗ್ತದಂತ ನನಗ ಗೊತ್ತೇ ಇರಲಿಲ್ಲ” ಅಂದಳು ಒಬ್ಬಳು. ಮುಂದಿನ ಸಲ ರೇಟು ಮೊದಲು ಹೇಳಿದ್ದು ಅವಳೇ.

ವ್ಯಾಪಾರಿಗಳು ಸುಮ್ನೆ ಒಪ್ಪಲಿಲ್ಲ. ನೀರು ಕುಡಿಸಿ ತೂಕ ಏರಿಸುತ್ತೀರಿ ಅಂದರು. ಆ ಮಾತಿನಲ್ಲಿ ನ್ಯಾಯವಿತ್ತು. ಹಾಗಾಗಿ ಬೆಳಗ್ಗೆ ಮೇವು, ನೀರು ಕೊಡುವ ಮೊದಲು, ಅವರ ಎದುರಿಗೇ ತೂಗುವುದು ಅಂತ ಗೊತ್ತು ಮಾಡಿಕೊಂಡೆವು. ಒಂದು ಗಾಡಿ ತುಂಬುವಷ್ಟು ಟಗರು ಒಂದೇ ಕಡೆ ಸಿಕ್ಕರೆ ಅವರಿಗೂ ಓಡಾಟ ಉಳಿಯುತ್ತದೆ, ಹುಬ್ಬಳ್ಳಿಯಿಂದಲೂ ಬರುತ್ತಾರೆ. ಪಿಪಿಆರ್ (ಕುರಿ, ಮೇಕೆಗಳಿಗೆ ಬರುವ ಒಂದು ಅಂಟುರೋಗ) ಮತ್ತು ಕರುಳುಬೇನೆ ಲಸಿಕೆ, ಜಂತಿನ ಔಷಧ ಕೊಟ್ಟ ತಾರೀಖು ಪುಸ್ತಕದಲ್ಲಿ ಬರೆದಿಟ್ಟದ್ದು ನಂಬಿಕೆ ತಂದಿತು.

ಬಕ್ರೀದ್‌ಗೆ ಬೇರೆಯೇ ತಯಾರಿ ಬೇಕು. ಹಬ್ಬ ಪ್ರತಿ ವರ್ಷ 10-11 ದಿನ ಮೊದಲೇ ಬರುತ್ತದೆ, ಹೋದ ವರ್ಷದ ತಿಂಗಳನ್ನೇ ನೆಚ್ಚಿಕೊಳ್ಳುವಂತಿಲ್ಲ. ಎರಡು ಹಲ್ಲಿನ, ಅಂದರೆ ಹಾಲುಹಲ್ಲು ಬಿದ್ದು ಮುಂದೆ ಎರಡು ದೊಡ್ಡ ಹಲ್ಲು ಬಂದ ಟಗರಿಗೆ ಬೇಡಿಕೆ ಜಾಸ್ತಿ. ಕುಂಟು ಇರಬಾರದು, ಕಿವಿ ಹೆಚ್ಚು ಹರಿದಿರಬಾರದು. ಗುರುತಿಗೆ ಕಿವಿ ಕತ್ತರಿಸುವ ರೂಢಿ ಇದ್ದವರು ಈಗ ಒಳ್ಳೆ ಗಂಡುಮರಿಗಳನ್ನು ಮೊದಲೇ ಬೇರೆ ಮಾಡಿ, ಬಣ್ಣ ಹಚ್ಚುತ್ತಾರೆ.

ಕಷ್ಟ ಇರುವುದು ಜೂನ್‌ನಲ್ಲಿ. ಬೀಜ, ಗೊಬ್ಬರ, ಶಾಲೆ ಫೀಜು ಒಟ್ಟಿಗೇ ಬರುತ್ತವೆ. ಇನ್ನೂ ಬೆಳೆಯಬೇಕಾದ ಮರಿ ಆಗಲೇ ಮಾರಾಟವಾಗುತ್ತದೆ. ಗುಂಪಿನ ಉಳಿತಾಯದಿಂದ ಸಣ್ಣ ಸಾಲ ಕೊಟ್ಟು, ಟಗರು ಮಾರಿದ ಮೇಲೆ ತೀರಿಸುವ ಪದ್ಧತಿ ತಂದೆವು. ನನ್ನ ಮಟ್ಟಿಗೆ ಕಾಟಾದಷ್ಟೇ ಮುಖ್ಯವಾದದ್ದು ಇದು. ಆದರೂ ಆಸ್ಪತ್ರೆ ಖರ್ಚು ಬಂದಾಗ ಕೆಲವರು ರಾತ್ರೋರಾತ್ರಿ ದಲ್ಲಾಳಿಗೆ ಕೊಡುತ್ತಾರೆ. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಂಥವರಿಗೆ ಅದೇ ದಿನ ಸಾಲ ಸಿಗುವಂತೆ ಬೇರೆ ನಿಧಿ ತೆಗೆದಿಡೋಣ ಅಂತ ಗುಂಪಿನಲ್ಲಿ ಈಗ ಮಾತು ನಡೆದಿದೆ.