ಜರ್ಮನ್ ಕಲಿಯಲು ಹೊರಟಿದ್ದೀರಾ? ಮೊದಲು ‘ಅನ್ನು’, ‘ಗೆ’ ನೆನಪಿಸಿಕೊಳ್ಳಿ

ನರ್ಸಿಂಗ್ ಮುಗಿಸಿದವರು, ಎಂಜಿನಿಯರಿಂಗ್ ಆದ ಮೇಲೆ ಅಲ್ಲಿ ಎಂ.ಎಸ್. ಮಾಡಬೇಕು ಅನ್ನುವವರು, ಜರ್ಮನಿಯಲ್ಲಿರುವ ಗಂಡನ ಹತ್ತಿರ ಹೋಗಲು ಎ1 ಪರೀಕ್ಷೆ, ಅಂದರೆ ಜರ್ಮನ್‌ನ ಮೊದಲ ಹಂತದ ಪರೀಕ್ಷೆ, ಪಾಸಾಗಬೇಕಾದವರು. ತುಮಕೂರಿನಲ್ಲಿ ನನ್ನ ಹತ್ತಿರ ಜರ್ಮನ್ ಪಾಠಕ್ಕೆ ಬರುವವರು ಹೆಚ್ಚಾಗಿ ಇವರೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಹತ್ತು ವರ್ಷ ಕನ್ನಡ. ಆದರೂ ಜರ್ಮನ್ ವಾಕ್ಯ ಕಂಡ ಕೂಡಲೇ ಅದನ್ನು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಅರ್ಥ ಹುಡುಕುತ್ತಾರೆ. ಎಡವುವುದು ಅಲ್ಲೇ. ಇಂಗ್ಲಿಷಿನ ನಾಮಪದಗಳಲ್ಲಿ ವಿಭಕ್ತಿ ಹೆಚ್ಚುಕಮ್ಮಿ ಸವೆದು ಹೋಗಿದೆ. ಜರ್ಮನ್‌ನಲ್ಲಿ ಇನ್ನೂ ಇದೆ, ಕನ್ನಡದಲ್ಲಂತೂ ಧಾರಾಳವಾಗಿದೆ. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಖಾಲಿ ಡಬ್ಬದವರ ಹತ್ತಿರ ಸಾಲ ಕೇಳುವುದು ಯಾಕೆ?

1. ಉಚ್ಚಾರಣೆ. ಒಂದು ವಾರ ಸಾಕು. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ಜಾಲತಾಣದಲ್ಲಿ ಆಡಿಯೊ ಸಮೇತ ಪಾಠಗಳು ಉಚಿತವಾಗಿ ಸಿಗುತ್ತವೆ, ಕೇಳಿ. ಈ ಲೇಖನದಲ್ಲಿ ಜರ್ಮನ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ನಿಮ್ಮ ನೋಟ್‌ಬುಕ್‌ನಲ್ಲಿ ಮಾತ್ರ ಹೀಗೆ ಬರೆಯಲೇಬೇಡಿ. ಚುಕ್ಕಿ ಇಟ್ಟ ಸ್ವರಗಳು ನಮ್ಮ ಲಿಪಿಗೆ ಸರಿಯಾಗಿ ಕೂರುವುದಿಲ್ಲ.

2. ಲಿಂಗ. ಕನ್ನಡದಲ್ಲಿ ಲಿಂಗ ಅರ್ಥದಿಂದಲೇ ಗೊತ್ತಾಗುತ್ತದೆ. ಜರ್ಮನ್‌ನಲ್ಲಿ ಹಾಗಲ್ಲ. ಊಟದ ಮೇಜಿನ ಮೇಲಿನ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕಲಿಂಗ: ಡೇರ್ ಲ್ಯೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಹುಡುಗಿ ಕೂಡ ‘ಡಾಸ್ ಮೇಡ್ಶೆನ್’, ಅಂದರೆ ನಪುಂಸಕ. ಕಾರಣ ಕೊನೆಯ ‘ಶೆನ್’ ಪ್ರತ್ಯಯ. ಅದು ಬಂದರೆ ಯಾವಾಗಲೂ ಡಾಸ್. ಹಾಗೆಯೇ ಉಂಗ್, ಹೈಟ್, ಕೈಟ್, ಶಾಫ್ಟ್ ಪ್ರತ್ಯಯಗಳಿಂದ ಮುಗಿಯುವ ನಾಮಪದಗಳು ಡೀ. ವಾರ, ತಿಂಗಳುಗಳ ಹೆಸರುಗಳು ಡೇರ್. ಉಳಿದದ್ದು ಬಾಯಿಪಾಠವೇ. ಪದ ಬರೆಯುವಾಗ ಅದರ ಮೊದಲು ಬರುವ ಡೇರ್, ಡೀ, ಡಾಸ್ ಸೇರಿಸಿಯೇ ಬರೆಯಿರಿ. ಮೂರು ಬಣ್ಣದ ಪೆನ್ ಇಟ್ಟುಕೊಳ್ಳಿ. ಗೋಡೆಗೆ ಅಂಟಿಸುವ ಬಣ್ಣಬಣ್ಣದ ವ್ಯಾಕರಣ ಚಾರ್ಟ್ ಮಾತ್ರ ಕೊಳ್ಳಬೇಡಿ. ಎರಡು ದಿನ ನೋಡುತ್ತೀರಿ, ಆಮೇಲೆ ಅದು ಗೋಡೆಯೇ ಆಗಿಬಿಡುತ್ತದೆ.

3. ವಿಭಕ್ತಿ. ಇಲ್ಲಿ ನಿಧಾನವಾಗಿ ಓದಿ. ಅರ್ಧ ತರಗತಿ ಪಾಠ ಬಿಡುವುದು ಇದೇ ಹಂತದಲ್ಲಿ.

ಉ, ಅನ್ನು, ಇಂದ, ಗೆ... ಶಾಲೆಯಲ್ಲಿ ರಾಗವಾಗಿ ಹೇಳಿದ್ದು ನೆನಪಿದೆ ಅಲ್ವಾ? ಜರ್ಮನ್‌ನಲ್ಲಿ ನಾಲ್ಕೇ ವಿಭಕ್ತಿ. ಪ್ರಥಮಾ, ದ್ವಿತೀಯಾ, ಚತುರ್ಥಿ ಮೂರನ್ನೇ ಈಗ ಹಿಡಿಯಿರಿ. ಷಷ್ಠಿ ಆಮೇಲೆ ನೋಡೋಣ. ನಾವು ಪ್ರತ್ಯಯವನ್ನು ಪದದ ಕೊನೆಗೆ ಅಂಟಿಸುತ್ತೇವೆ. ಅವರು ಹೆಚ್ಚಾಗಿ ಪದದ ಮೊದಲು ಬರುವ ಡೇರ್, ಡೀ, ಡಾಸ್‌ಗಳನ್ನೇ ಬದಲಾಯಿಸುತ್ತಾರೆ.

‘ಮಗುವಿಗೆ ಸೇಬನ್ನು ಕೊಡುತ್ತೇನೆ’ ಎಂಬುದನ್ನೇ ತೆಗೆದುಕೊಳ್ಳಿ. ಇಷ್ ಗೇಬೆ ಡೇಮ್ ಕಿಂಟ್ ಡೇನ್ ಆಪ್ಫೆಲ್. ಮಗು ‘ಡಾಸ್’, ‘ಗೆ’ ಸೇರಿದ್ದಕ್ಕೆ ‘ಡೇಮ್’ ಆಯಿತು. ಸೇಬು ‘ಡೇರ್’, ‘ಅನ್ನು’ ಸೇರಿದ್ದಕ್ಕೆ ‘ಡೇನ್’ ಆಯಿತು. ಇಂಗ್ಲಿಷಿನಲ್ಲಿ ಈ ಎರಡೂ ಕಡೆ ಒಂದೇ ‘ದಿ’. ಆ ದಾರಿಯಲ್ಲಿ ಹೋದರೆ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ದ್ವಿತೀಯಾ ವಿಭಕ್ತಿಯಲ್ಲಿ ಏಕವಚನದ ಪುಲ್ಲಿಂಗ ಮಾತ್ರ ಬದಲಾಗುತ್ತದೆ. ಡೀ, ಡಾಸ್ ಹಾಗೆಯೇ ಇರುತ್ತವೆ. ಚತುರ್ಥಿಯಲ್ಲಿ ಎಲ್ಲವೂ ಬದಲು: ಡೇರ್, ಡಾಸ್ ಎರಡೂ ‘ಡೇಮ್’, ಡೀ ಇದ್ದದ್ದು ‘ಡೇರ್’, ಬಹುವಚನ ‘ಡೇನ್’. ‘ಇಷ್ ಹೆಲ್ಫೆ ಡೇರ್ ಫ್ರೌ’ ಎಂದು ಓದಿ, ಹೆಂಗಸಿಗೆ ಡೇರ್ ಹೇಗೆ ಬಂತು ಎಂದು ಬೆಚ್ಚಿ ಬೀಳುವವರು ಪ್ರತಿ ಬ್ಯಾಚ್‌ನಲ್ಲೂ ಇರುತ್ತಾರೆ. ಅದು ಪುಲ್ಲಿಂಗವಲ್ಲ. ಹೆಂಗಸಿ‘ಗೆ’ ಸಹಾಯ ಮಾಡುತ್ತೇನೆ, ಅಷ್ಟೇ.

ಇಲ್ಲಿ ಕನ್ನಡಿಗರಿಗೇ ಕಾದಿರುವ ಒಂದು ಗುಂಡಿ ಇದೆ. ಮಾತಿನಲ್ಲಿ ನಾವು ‘ಅನ್ನು’ ನುಂಗುತ್ತೇವೆ. ‘ಕಾಫಿ ಕುಡಿದೆ’ ಅನ್ನುತ್ತೇವೆ, ‘ಕಾಫಿಯನ್ನು ಕುಡಿದೆ’ ಅಂತ ಯಾರೂ ಅನ್ನುವುದಿಲ್ಲ. ಅದೇ ಅಭ್ಯಾಸದಲ್ಲಿ ‘ಇಷ್ ಟ್ರಿಂಕೆ ಡೇರ್ ಕಾಫೆ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಡೇನ್ ಕಾಫೆ ಆಗಬೇಕು. ಸಂಶಯ ಬಂದಾಗ ವಾಕ್ಯವನ್ನು ಪುಸ್ತಕದ ಕನ್ನಡದಲ್ಲಿ ಹೇಳಿ ನೋಡಿ. ‘ಅನ್ನು’ ತೂರಿಸಲು ಜಾಗ ಇದ್ದರೆ ಅದು ಹೆಚ್ಚಾಗಿ ದ್ವಿತೀಯಾ.

‘ಗೆ’ ಬಹಳ ಕಡೆ ಸಲೀಸಾಗಿ ಹೊಂದುತ್ತದೆ. ನನಗೆ ಚಳಿ: ಮೀರ್ ಇಸ್ಟ್ ಕಾಲ್ಟ್. ಇದು ನನಗೆ ಹಿಡಿಸುತ್ತದೆ: ಡಾಸ್ ಗೆಫೆಲ್ಟ್ ಮೀರ್. ಈ ಪುಸ್ತಕ ನನಗೆ ಸೇರಿದ್ದು ಅನ್ನುವಾಗಲೂ ‘ಮೀರ್’. ಇಂಗ್ಲಿಷ್ ಬಲ್ಲವರು ‘ನಾನು ಚಳಿ’ ಎಂಬಂತೆ ಬರೆದು ಸಿಕ್ಕಿಬೀಳುವ ಜಾಗ ಇದು. ನಿಮಗೆ ಆ ಕಷ್ಟವಿಲ್ಲ.

ಹಾಗಂತ ಎಲ್ಲ ಕಡೆ ‘ಗೆ’ ನಂಬಬೇಡಿ. ನನಗೆ ಬೇಕು, ನನಗೆ ಗೊತ್ತು, ನನಗೆ ಈಜು ಬರುತ್ತದೆ, ನನಗೆ ಇಬ್ಬರು ತಮ್ಮಂದಿರು. ಈ ನಾಲ್ಕೂ ಕಡೆ ಜರ್ಮನ್‌ನಲ್ಲಿ ‘ಇಷ್’, ಅಂದರೆ ನಾನು. ಡಾಕ್ಟರಿಗೆ ಫೋನ್ ಮಾಡುತ್ತೇನೆ ಅನ್ನುವಾಗ ಅವರದು ‘ಅನ್ನು’: ಇಷ್ ರೂಫೆ ಡೇನ್ ಆರ್ಟ್ಸ್ಟ್ ಆನ್. ಅವನನ್ನು ಹಿಂಬಾಲಿಸುತ್ತೇನೆ ಅನ್ನುವಾಗ ಅವರದು ‘ಗೆ’: ಇಷ್ ಫೋಲ್ಗೆ ಡೇಮ್ ಮನ್. ‘ನನಗಾಗಿ’ಯಲ್ಲಿ ‘ಗೆ’ ಕೇಳಿಸಿದರೂ ಅದು ‘ಫ್ಯೂರ್ ಮಿಷ್’, ದ್ವಿತೀಯಾ. ಇಂಥ ತಕರಾರಿನವುಗಳಿಗೆ ನೋಟ್‌ಬುಕ್‌ನ ಕೊನೆಯಲ್ಲಿ ಒಂದು ಪುಟ ಮೀಸಲಿಡಿ. ಸಿಕ್ಕಿದಾಗೆಲ್ಲ ಅಲ್ಲಿ ಬರೆಯಿರಿ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಜಾಗ ಹೇಳುವ ಇನ್, ಔಫ್, ಆನ್ ತರಹದ ಒಂಬತ್ತು ಪದಗಳು. ತೋಟಕ್ಕೆ ಹೋಗುತ್ತೇನೆ: ಇಷ್ ಗೇಯೆ ಇನ್ ಡೇನ್ ಗಾರ್ಟನ್. ತೋಟದಲ್ಲಿದ್ದೇನೆ: ಇಷ್ ಬಿನ್ ಇಮ್ ಗಾರ್ಟನ್. ‘ಇಮ್’ ಅಂದರೆ ಇನ್ ಮತ್ತು ಡೇಮ್ ಸೇರಿದ್ದು. ನೋಡಿ, ‘ತೋಟಕ್ಕೆ’ ಎಂಬಲ್ಲಿ ಚತುರ್ಥಿಯ ‘ಕ್ಕೆ’ ಕೇಳಿಸುತ್ತದೆ, ಆದರೆ ಜರ್ಮನ್ ಅಲ್ಲಿ ದ್ವಿತೀಯಾ ಬಳಸುತ್ತದೆ. ‘ಅಲ್ಲಿ’ ಇರುವ ಕಡೆ ಚತುರ್ಥಿ. ಈ ಒಂಬತ್ತರ ಮಟ್ಟಿಗೆ ‘ಕ್ಕೆ ಬಂದರೆ ಡೇನ್, ಅಲ್ಲಿ ಬಂದರೆ ಡೇಮ್’ ಎಂದು ಪುಲ್ಲಿಂಗ ಪದಗಳಲ್ಲಿ ಅಭ್ಯಾಸ ಮಾಡಿ. ಔಸ್, ಬೈ, ಮಿಟ್, ನಾಖ್, ಸೈಟ್, ಫೊನ್, ಟ್ಸೂ ಈ ಗುಂಪಿಗೆ ಸೇರಿಲ್ಲ. ಅವಕ್ಕೆ ಚಲನೆ ಇರಲಿ, ಬಿಡಲಿ, ಯಾವಾಗಲೂ ಚತುರ್ಥಿ.

ಅಭ್ಯಾಸಕ್ಕೆ ಮೊಬೈಲ್ ಆಟದ ಆ್ಯಪ್ ಸಾಲದು. ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತುವುದು ಬೇರೆ, ಖಾಲಿ ಹಾಳೆಯ ಮೇಲೆ ‘ಡೇಮ್’ ಬರೆಯುವುದು ಬೇರೆ. ದಿನಕ್ಕೆ ಹತ್ತು ಕನ್ನಡ ವಾಕ್ಯ ಬರೆದು, ಅನ್ನು, ಗೆ, ಅಲ್ಲಿಗಳಿಗೆ ಅಡಿಗೆರೆ ಎಳೆದು, ಕೆಳಗೆ ಜರ್ಮನ್ ಬರೆಯಿರಿ. ಕೈಯಲ್ಲೇ ಬರೆಯಿರಿ.

4. ಕ್ರಿಯಾಪದದ ಜಾಗ. ಸರಳ ಹೇಳಿಕೆಯ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲುವುದಿಲ್ಲ. ‘ಇವತ್ತು’ ಎಂದು ಶುರು ಮಾಡಿದರೆ ‘ನಾನು’ ಹಿಂದೆ ಸರಿಯಬೇಕು: ಹೊಯ್ಟೆ ಫಾರೆ ಇಷ್ ನಾಖ್ ಬೆಂಗಳೂರು. ‘ಹೊಯ್ಟೆ ಇಷ್ ಫಾರೆ’ ಅನ್ನುವುದು ಇಂಗ್ಲಿಷಿನ ಚಾಳಿ. ಆದರೆ ‘ವೈಲ್’ ಹಾಕಿ ಕಾರಣ ಹೇಳುವಾಗ ಕ್ರಿಯಾಪದ ಕೊನೆಗೆ ಓಡುತ್ತದೆ: ವೈಲ್ ಇಷ್ ಮೋರ್ಗನ್ ನಾಖ್ ಬೆಂಗಳೂರು ಫಾರೆ. ನಾನು, ನಾಳೆ, ಬೆಂಗಳೂರಿಗೆ, ಹೋಗು. ಥೇಟ್ ನಮ್ಮದೇ ಸಾಲು, ಅಲ್ವಾ? ಬೇರೆಯವರು ತಿಂಗಳುಗಟ್ಟಲೆ ಗೋಳಾಡುವ ಈ ನಿಯಮ ನಿಮಗೆ ಒಂದು ಸಂಜೆಯಲ್ಲಿ ಬರಬೇಕು.

5. ಭೂತಕಾಲ. ಎರಡನೇ ಜಾಗದಲ್ಲಿ ‘ಹಾಬೆ’ ಹಾಕಿ, ಮುಖ್ಯ ಕ್ರಿಯಾಪದದ ಭೂತ ಕೃದಂತ ರೂಪವನ್ನು ಕೊನೆಗಿಡಿ. ಹೋಗು, ಬರು ತರಹದ ಚಲನೆಯ ಕ್ರಿಯೆಗಳಿಗೆ ‘ಹಾಬೆ’ ಬದಲು ‘ಬಿನ್’. ಸದ್ಯಕ್ಕೆ ಇಷ್ಟು ಸಾಕು.

ಗುಣವಾಚಕದ ಪ್ರತ್ಯಯಗಳನ್ನು ಎ1ನಲ್ಲಿ ಮುಟ್ಟಲೇಬೇಡಿ. ಮೇಲಿನ ಮೂರನೇ ಹಂತ ಗಟ್ಟಿಯಾಗುವ ಮೊದಲು ಅದನ್ನು ಓದಿದರೆ ಎರಡೂ ಕೆಡುತ್ತವೆ. ‘ಮೂರು ತಿಂಗಳಲ್ಲಿ ಬಿ2’ (ಎ1ಗಿಂತ ಮೂರು ಹಂತ ಮೇಲಿನದು) ಎಂಬ ಜಾಹೀರಾತಿಗೆ ದುಡ್ಡು ಕಟ್ಟಿದವರನ್ನೂ ನೋಡಿದ್ದೇನೆ. ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ1 ಅಥವಾ ಬಿ2 ಕೇಳುತ್ತಾರೆ ನಿಜ. ಆದರೆ ಡೇನ್, ಡೇಮ್ ಗೊತ್ತಿಲ್ಲದೆ ಆ ಪುಸ್ತಕ ತೆರೆದು ಏನು ಮಾಡುತ್ತೀರಿ?

6. ಪರೀಕ್ಷೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ, ಅಂದರೆ ಗಯಟೆ ಸಂಸ್ಥೆಯಲ್ಲಿ ಎ1 ಬರೆಯಬಹುದು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ನಾಲ್ಕು ಭಾಗ. 100ಕ್ಕೆ 60 ಬಂದರೆ ಪಾಸ್. ಬೆಳಗಿನ ಪರೀಕ್ಷೆಯಾದರೆ ತುಮಕೂರಿನಿಂದ ಅವತ್ತೇ ರೈಲು ಹತ್ತುವ ಸಾಹಸ ಬೇಡ, ಹಿಂದಿನ ರಾತ್ರಿಯೇ ಬೆಂಗಳೂರು ಸೇರಿಕೊಳ್ಳಿ. ಮಾತಿನ ಭಾಗದಲ್ಲಿ ಹೆಸರಿನ ಅಥವಾ ಊರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಲು ಕೇಳುತ್ತಾರೆ. ವ್ಯಾಕರಣ ಚೆನ್ನಾಗಿ ಬಲ್ಲವರೂ ಅಲ್ಲಿ ಇಂಗ್ಲಿಷಿಗೆ ಜಾರುತ್ತಾರೆ. ಇಂಗ್ಲಿಷಿನ ‘ಕೆ’ ಜರ್ಮನ್‌ನಲ್ಲಿ ‘ಕಾ’, ‘ಯು’ ಬದಲು ‘ಊ’. ತುಮಕೂರು ಅಂದರೆ ಟೇ, ಊ, ಎಮ್, ಆ, ಕಾ, ಊ, ಎರ್, ಊ.