ಫ್ಲೈವೀಲ್ ಅಂಚಿನ ಎರಡೂವರೆ ಕಿಲೋ

ನನ್ನ 1965ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್‌ಗೆ ಎಳೆತದ ಕೊರತೆ ಎಂದೂ ಇರಲಿಲ್ಲ. ಕೊರತೆ ಇದ್ದದ್ದು ಚುರುಕಿಗೆ. ಆಕ್ಸಿಲರೇಟರ್ ಒತ್ತಿದರೆ ಸುತ್ತು ನಿಧಾನವಾಗಿ ಏರುತ್ತಿತ್ತು, ಬಿಟ್ಟರೆ ಇನ್ನೂ ನಿಧಾನವಾಗಿ ಇಳಿಯುತ್ತಿತ್ತು. ಬೆಳಗಾವಿಯಿಂದ ಗೋವಾ ಕಡೆಗೆ ಹೋಗುವಾಗ ಚೋರ್ಲಾ ಘಾಟಿನ ತಿರುವುಗಳಲ್ಲಿ ಗೇರ್ ಬದಲಿಸಿದಾಗಲೆಲ್ಲ ಇದು ಕೈಗೆ ತಿಳಿಯುತ್ತಿತ್ತು. ಎಂಜಿನ್ ಬಿಚ್ಚುವ ಸಂದರ್ಭ ಬಂದಾಗ ಅದರ ತುದಿಯಲ್ಲಿ ಜೊತೆಗೇ ತಿರುಗುವ ಭಾರದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಹಗುರ ಮಾಡಿಸಿದೆ.

ತೂಕ ಎಷ್ಟು ಎನ್ನುವುದಕ್ಕಿಂತ ಅದು ನಡುವಿನಿಂದ ಎಷ್ಟು ದೂರದಲ್ಲಿ ತಿರುಗುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ದೂರ ಎರಡು ಪಟ್ಟಾದರೆ ಜಡತ್ವ ನಾಲ್ಕು ಪಟ್ಟಾಗುತ್ತದೆ. ಅದರ ಮೇಲೆ ಗೇರ್ ಅನುಪಾತದ ವರ್ಗವೂ ಸೇರುತ್ತದೆ. ನನ್ನ ಕಾರಿನ ಮೊದಲ ಗೇರಿನ ಅನುಪಾತ 3.64, ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್‌ನದು 3.909. ನಡುವಿನಿಂದ 13 ಸೆಂಟಿಮೀಟರ್ ದೂರದಲ್ಲಿ ಎರಡೂವರೆ ಕಿಲೋ ತೆಗೆದರೆ, ವೇಗ ಹೆಚ್ಚಿಸಿಕೊಳ್ಳುವ ಮಟ್ಟಿಗೆ ಅದು ಮೊದಲ ಗೇರಿನಲ್ಲಿ ಕಾರಿನಿಂದ ಸುಮಾರು 95 ಕಿಲೋ ಇಳಿಸಿದ್ದಕ್ಕೆ ಸಮ. ನಾಲ್ಕನೇ ಗೇರಿನಲ್ಲಿ ಅದೇ ಲಾಭ ಏಳು ಕಿಲೋಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಓಡಿಸುವವರಿಗೆ ಈ ಖರ್ಚು ದಂಡ. ಘಾಟಿಯನ್ನು ಪ್ರೀತಿಸುವವರಿಗೆ ಅಲ್ಲ.

ಇಂಥ ಕೆಲಸಕ್ಕೆ ಬೆಳಗಾವಿಯಲ್ಲಿರುವುದು ಭಾಗ್ಯವೆಂದೇ ನನ್ನ ನಂಬಿಕೆ. ಉದ್ಯಮಬಾಗ್‌ನ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳಲ್ಲಿ ಬೀಡುಕಬ್ಬಿಣದ ಗುಣ ಬಲ್ಲವರಿಗೆ ಕೊರತೆಯಿಲ್ಲ. ಲೇತ್‌ಗೆ ಏರಿಸುವ ಮೊದಲು ಫ್ಲೈವೀಲ್ ತೊಳೆದು, ಬಿರುಕು ಪತ್ತೆ ಮಾಡುವ ಡೈ ಪೆನೆಟ್ರಂಟ್ ಪರೀಕ್ಷೆ ಮಾಡಿಸಿದೆವು. ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದಾಗ ಬೋಲ್ಟ್ ರಂಧ್ರಗಳ ಸುತ್ತ ಎಲ್ಲಿಯೂ ಕೆಂಪು ಗೆರೆ ಮೂಡಲಿಲ್ಲ. ಮೂಡಿದ್ದರೆ ಅದನ್ನು ಅಲ್ಲಿಯೇ ಗುಜರಿಗೆ ಹಾಕುತ್ತಿದ್ದೆ. ವೇಗವಾಗಿ ತಿರುಗುವಾಗ ಫ್ಲೈವೀಲ್ ಒಡೆದರೆ ಅದರ ಚೂರುಗಳು ಅದನ್ನು ಮುಚ್ಚಿರುವ ಬೆಲ್ ಹೌಸಿಂಗ್ ಕವಚ ಸೀಳಿ ಕಾಲಿನತ್ತ ಬರುತ್ತವೆ.

“ಕಾಕಾ, ಎಂಜಿನ್ ಕಡೆಯ ಬೆನ್ನಿನಿಂದ ಮಾತ್ರ ತೆಗೆಯಿರಿ, ಅದೂ ಅಂಚಿನಲ್ಲಿ” ಎಂದು ಲೇತ್ ನಡೆಸುವವರಿಗೆ ಹೇಳಿದೆ. ಕ್ಲಚ್ ಪ್ಲೇಟ್ ಉಜ್ಜುವ ಮುಖ ತೆಳುವಾದರೆ ಶಾಖಕ್ಕೆ ಸೊಟ್ಟಗಾಗುತ್ತದೆ. ಸ್ಟಾರ್ಟರ್ ಹಿಡಿಯುವ ಹಲ್ಲಿನ ಬಳೆ, ಅಂದರೆ ರಿಂಗ್ ಗೇರ್, ಕೂರುವ ಜಾಗವನ್ನೂ ಕ್ಲಚ್ ಕವರ್‌ನ ಬೋಲ್ಟ್‌ಗಳ ಸುತ್ತಲಿನ ಲೋಹವನ್ನೂ ಮುಟ್ಟುವಂತಿಲ್ಲ. ಕಾಕಾ ಟೂಲ್‌ನ ತುದಿಯನ್ನು ಗ್ರೈಂಡರ್‌ಗೆ ಹಿಡಿದು ಗುಂಡಗೆ ಮಾಡಿಕೊಂಡರು. “ಮೂಲೆ ಚೂಪಾಗಿ ಬಿಟ್ಟರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ, ತಮ್ಮಾ” ಎಂದರು. ಬೂದು ಪುಡಿ ಲೇತ್‌ನ ಹಾಸಿನ ಮೇಲೆ ರಾಶಿಯಾಗುತ್ತಾ ಬಂತು. ಅವರು ನಡುನಡುವೆ ಯಂತ್ರ ನಿಲ್ಲಿಸಿ, ಆ ಗುಂಡಗಾದ ಮೂಲೆಯ ಮೇಲೆ ಹೆಬ್ಬೆರಳಿನ ಉಗುರು ಎಳೆದು ನೋಡುತ್ತಿದ್ದರು. ಉಗುರು ಎಲ್ಲಿಯೂ ತಡೆಯಬಾರದು. ಸುಮಾರು ಹತ್ತು ಕಿಲೋ ಇದ್ದದ್ದು ಏಳೂವರೆಗೆ ಬಂದಾಗ ನಿಲ್ಲಿಸಿದೆವು.

ಇನ್ನೂ ತೆಗೆಯಬಹುದಿತ್ತು. ಆದರೆ ಪಿಸ್ಟನ್ 88.9 ಮಿಲಿಮೀಟರ್ ಚಲಿಸುವ (ಸ್ಟ್ರೋಕ್) ನಾಲ್ಕು ಸಿಲಿಂಡರ್ ಎಂಜಿನ್ ಕಡಿಮೆ ಸುತ್ತಿನಲ್ಲಿ ನಡುಗದೆ ನಿಲ್ಲಲು ಫ್ಲೈವೀಲ್‌ನ ಭಾರವೇ ಆಧಾರ. ರೇಸ್ ಕಾರಿಗೆ ಸರಿಹೋಗುವ ತೂಕ ಬೆಳಗಾವಿಯ ಖಡೇಬಜಾರಿನ ದಟ್ಟಣೆಗೆ ಸರಿಹೋಗುವುದಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸದೆ ಇದನ್ನು ಜೋಡಿಸಲೇಬಾರದು. ಫ್ಲೈವೀಲ್ ಕೂರುವ ಕ್ರ್ಯಾಂಕ್‌ಶಾಫ್ಟ್ ಒಂದನ್ನೇ ಮೊದಲು ಬ್ಯಾಲೆನ್ಸ್ ಮಾಡಿಸಿ, ನಂತರ ಫ್ಲೈವೀಲ್, ಕೊನೆಗೆ ಕ್ಲಚ್ ಕವರ್ ಸೇರಿಸಿ ಮಾಡಿಸಿದೆ. ಕವರ್ ಮತ್ತು ಫ್ಲೈವೀಲ್ ಎರಡರ ಮೇಲೂ ಪಂಚ್ ಗುರುತು ಹಾಕಿಸಿದೆ, ಮುಂದೆ ಯಾರು ಬಿಚ್ಚಿದರೂ ಅದೇ ಜಾಗಕ್ಕೆ ಕೂರಿಸಲಿ ಎಂದು.

ಈಗ ಗೇರ್ ಇಳಿಸುವಾಗ ಆಕ್ಸಿಲರೇಟರ್ ತುಸು ಮುಟ್ಟಿದರೆ ಸಾಕು, ಸುತ್ತು ಏರಿ ಕಾಯುತ್ತದೆ. ಅವಳಿ ಎಸ್‌ಯು ಕಾರ್ಬ್ಯುರೇಟರ್‌ಗಳಲ್ಲಿ ಐಡಲ್ ಅನ್ನು, ಅಂದರೆ ನಿಂತಲ್ಲಿ ಎಂಜಿನ್ ತಿರುಗುವ ವೇಗವನ್ನು, ನಿಮಿಷಕ್ಕೆ 900 ಸುತ್ತಿನ ಆಸುಪಾಸಿಗೆ ಏರಿಸಬೇಕಾಯಿತು. ಏರಿನಲ್ಲಿ ನಿಂತು ಹೊರಡುವಾಗ ಕ್ಲಚ್ ನಿಧಾನವಾಗಿ ಬಿಡಬೇಕು.

ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕೂಡ ಹಗುರ ಮಾಡಿಸಿ ಎಂದು ಗೆಳೆಯರು ಹೇಳಿದರು. ಅದರ ಕೊಳವೆಯ ತ್ರಿಜ್ಯ ಅಷ್ಟು ಕಿರಿದಾಗಿರುವಾಗ ಸಿಗುವ ಲಾಭ ಲೆಕ್ಕಕ್ಕಿಲ್ಲ. ಹೊಸ ಯೂನಿವರ್ಸಲ್ ಜಾಯಿಂಟ್ ಹಾಕಿಸಿ ಬ್ಯಾಲೆನ್ಸ್ ಮಾಡಿಸಿದೆ, ಅಷ್ಟೇ. ಚಕ್ರದ ಅಂಚಿನಲ್ಲಿ ಒಂದು ಕಿಲೋ ತೆಗೆದರೂ ಅದು ಕಾರಿನಿಂದ ಹೆಚ್ಚೆಂದರೆ ಎರಡು ಕಿಲೋ ಇಳಿಸಿದ್ದಕ್ಕೆ ಸಮ. ಅಷ್ಟಕ್ಕಾಗಿ ಈ ಕಾರಿನ ವೈರ್ ವೀಲ್‌ಗಳನ್ನು ಕಳಚಲು ನನಗೆ ಮನಸ್ಸಿಲ್ಲ.